ಮುಟ್ಟಬಹುದಾದ ನಾಣ್ಯಗಳು

ಮಾರ್ಚ್ ೧೧, ಮಂಗಳವಾರ

ಕಳೆದ ಶುಕ್ರವಾರ ಗ್ರಂಥಾಲಯದ ಹೊಸ ಮುಖ್ಯಸ್ಥರು ನಮ್ಮ ಹಳೆಯ ನಾಣ್ಯಗಳ ತಟ್ಟೆಯನ್ನು ಬೆಲೆಯಿಲ್ಲದ ಸಾಮಾನು ಎಂದು ಬೀರುವಿಗೆ ಹಾಕಿ ಬೀಗ ಜಡಿದರು. ಆ ಸಿಟ್ಟು ಇನ್ನೂ ಆರಿಲ್ಲ.

ಬೆಲೆಯಿಲ್ಲ, ನಿಜ. ಒಳ್ಳೆಯ ನಾಣ್ಯಕ್ಕೆ ಬೆರಳು ತಾಗಿದರೆ ಕೆಡುತ್ತದೆಂದು ಸಂಗ್ರಹಕಾರರಾದ ನಾವು ಅದರ ಅಂಚನ್ನಷ್ಟೇ ಹಿಡಿಯುತ್ತೇವೆ. ಸಂಗ್ರಹಕ್ಕೆ ಆರಿಸಿಕೊಂಡ ಮೇಲೆ ಮಿಕ್ಕುವುದು ಸವೆದವು, ನಮ್ಮಲ್ಲಿ ಆಗಲೇ ಇರುವಂಥವು. ಅವನ್ನಾದರೂ ಜನ ಮುಟ್ಟಿ ನೋಡಲಿ ಎಂದು ಆ ತಟ್ಟೆಯನ್ನು ಅಲ್ಲಿಟ್ಟವಳು ನನ್ನ ಅಕ್ಕ. ಅವಳು ಈಗಿಲ್ಲ. ಕಣ್ಣು ಕಾಣದ, ನಿವೃತ್ತ ಟೆಲಿಫೋನ್ ಆಪರೇಟರಮ್ಮ ಒಬ್ಬರು ಪ್ರತಿ ವಾರ ಬಂದು ಅದರ ಮುಂದೆ ಕೂರುತ್ತಿದ್ದರು.

ಇಂದು ಅವರನ್ನು ಮನೆಗೆ ಕರೆದು ನನ್ನ ಮಿಕ್ಕ ನಾಣ್ಯಗಳನ್ನೆಲ್ಲ ಮುಂದೆ ಸುರಿದೆ. ಒಂದನ್ನು ಸವರಿ ನಕ್ಕೇಬಿಟ್ಟರು.

"ಈ ರಾಜನಿಗೆ ನಮ್ಮ ಸೋದರಮಾವನ ಮೂಗು! ನೀವೂ ಮುಟ್ಟಿ ನೋಡಿ."

ಇಸಿದುಕೊಂಡೆ. ನನ್ನ ಬೆರಳು ತಾನಾಗಿಯೇ ಅಂಚಿಗೆ ಹೋಯಿತು. ನಾಣ್ಯ ಕೈ ಬದಲಾಗುವಾಗಲೇ ಅವರಿಗೆ ಅದು ಗೊತ್ತಾಗಿಬಿಟ್ಟಿತು.

"ಅಯ್ಯೋ, ಇದು ಬೆಲೆಯಿಲ್ಲದ ನಾಣ್ಯ ಅಲ್ವೇನ್ರೀ? ಧೈರ್ಯವಾಗಿ ಹಿಡೀರಿ!"

ಹಿಡಿದೆ. ಹೆಬ್ಬೆರಳಿನಡಿ ಗಂಟುಮೂಗು, ಉಬ್ಬಿದ ಕೆನ್ನೆ. ಇಷ್ಟು ವರ್ಷ ಕೂಡಿಸಿಟ್ಟೂ ನನಗೆ ಸಿಗದಿದ್ದ ಸುಖ. ಅಕ್ಕನಿಗೂ ಈ ಅಮ್ಮನಿಗೂ ಎಷ್ಟು ಕೃತಜ್ಞನಾದರೂ ಸಾಲದು.

ಹೊರಡುವಾಗ ಕೇಳಿದರು, "ಅಲ್ಲಿಯ ತಟ್ಟೆ ಮತ್ತೆ ಇಡ್ತಾರಾ? ಅಲ್ಲಾದ್ರೆ ನಾಲ್ಕು ಜನ ಮಾತಿಗೆ ಸಿಗೋರು."

ನಾಳೆಯೇ ಹೋಗಿ ಕೇಳುತ್ತೇನೆ. ಆ ಬೀಗ ಯಾರ ಒಳಿತಿಗೆ? ಉತ್ತರವನ್ನು ಬರೆದು ಗೋಡೆಗೆ ಅಂಟಿಸಿದರೆ ಸಾಲದು. ಓದುಗರೆಲ್ಲರ ಎದುರು, ಆ ಅಮ್ಮನಿಗೂ ಕೇಳಿಸುವ ಹಾಗೆ, ಮುಖ್ಯಸ್ಥರು ಬಾಯಿಬಿಟ್ಟು ಹೇಳಲಿ.