ಉಪ್ಪು ಬಿಟ್ಟ ಬೀಫ್

ಫೆಬ್ರವರಿ 6, ಮಂಗಳವಾರ
ಬೆಳಗ್ಗೆ ಅರ್ಧ ಟೋಸ್ಟ್. ಅದರಲ್ಲೂ ಅಂಚನ್ನು ಕಾಗದದ ಕರವಸ್ತ್ರದಡಿ ಬಚ್ಚಿಟ್ಟಳು. ನಾನು ನೋಡಲಿಲ್ಲ ಅಂದುಕೊಂಡಿದ್ದಾಳೆ ನನ್ನ ಹೆಂಡತಿ ಎರ್ಸಿಲಿಯಾ. ಶಿಕಾಗೋದ ಬೀದಿಗಳಲ್ಲಿ ಜೀವಮಾನವಿಡೀ ಬಸ್ ಓಡಿಸಿದವನು ನಾನು. ಕೊನೆಯ ಸೀಟಿನಲ್ಲಿ ಯಾರು ಏನು ಬಚ್ಚಿಡುತ್ತಾರೆ ಅಂತ ಕನ್ನಡಿಯಲ್ಲೇ ಕಾಣುತ್ತದೆ.

ಡಾಕ್ಟರು ಇವತ್ತೂ ಅದೇ ಹೇಳಿದರು. ಹೃದಯ ಸೋತಿದೆ, ಔಷಧಿ ಕೆಲಸ ಮಾಡುತ್ತಿದೆ, ಆದರೆ ಉಪ್ಪು ಕೂಡದು. ಮತ್ತೆ — ಹೊಟ್ಟೆಗೆ ತಿನ್ನಲೇಬೇಕು.

ಕಾರಿನಲ್ಲಿ ಕೇಳಿದೆ, ಏನು ತಿನ್ನೋಕೆ ಆಸೆ ಅಂತ. ಕಿಟಕಿ ಕಡೆ ತಿರುಗಿಯೇ ಹೇಳಿದಳು.

“ಬೀಫ್. ರಸದಲ್ಲಿ ಅದ್ದಿದ ಬ್ರೆಡ್ಡಲ್ಲಿ. ಮೊಣಕೈವರೆಗೂ ಸೋರಬೇಕು... ಬಿಡು. ಉಪ್ಪಿಲ್ಲದೆ ಅದು ಒದ್ದೆ ಚಪ್ಪಲಿ.”

ಮಾಡಿಯೇ ಬಿಡುವುದು ಅಂತ ನಿಶ್ಚಯಿಸಿದೆ. ಒಲೆ ಹಚ್ಚುವುದು ಬಿಟ್ಟರೆ ಏನೂ ಗೊತ್ತಿಲ್ಲ.

ಫೆಬ್ರವರಿ 8, ಗುರುವಾರ
ಅಂಗಡಿಯಲ್ಲಿ ಮಸಾಲೆ ಪೊಟ್ಟಣಗಳನ್ನೆಲ್ಲ ತಿರುಗಿಸಿ ಓದಿದೆ. ಎಲ್ಲದರಲ್ಲೂ ಮೊದಲ ಹೆಸರು ಉಪ್ಪು. ಸಾರಿನ ಕ್ಯೂಬು — ಉಪ್ಪು. ಬೀಫ್ ಮೇಲೆ ಹಾಕುವ ಜರ್ದಿನೇರಾ ಕೇಳುವುದೇ ಬೇಡ, ಉಪ್ಪಿಲ್ಲದ ಉಪ್ಪಿನಕಾಯಿ ಎಲ್ಲಿಂದ ತರಲಿ.

ಮೆಲ್ರೋಸ್ ಪಾರ್ಕಿಗೆ ಫೋನು. ಎರ್ಸಿಲಿಯಾಳ ತಂಗಿ ಡೆಲ್ಫೀನಾ ಅಲ್ಲಿರುವುದು.

“ಭಾವ ಅಡುಗೆ ಮಾಡ್ತಾರಂತೆ! ತಡೀರಿ, ಮೊದಲು ಫೈರ್ ಎಂಜಿನ್‌ನೋರಿಗೆ ತಿಳಿಸ್ತೀನಿ.”

“ತಮಾಷೆ ಸಾಕು. ನಿಮ್ಮಕ್ಕ ಏನೇನು ಹಾಕ್ತಾಳೆ?”

“ಒರೆಗಾನೋ, ಬೆಳ್ಳುಳ್ಳಿ, ಮೆಣಸು... ಉಳಿದಿದ್ದು ದೇವರಿಗೇ ಗೊತ್ತು. ಅವಳು ಬೀಫ್ ಮಾಡುವಾಗ ನಮ್ಮನ್ನೆಲ್ಲ ಅಡುಗೆಮನೆಯಿಂದ ಓಡಿಸ್ತಿದ್ದಳಲ್ಲ!”

ಫೆಬ್ರವರಿ 11, ಭಾನುವಾರ
ಮೊದಲ ಪ್ರಯತ್ನ. ಉಪ್ಪಿನ ಕೊರತೆ ತುಂಬಲಿ ಅಂತ ಲವಂಗ ಧಾರಾಳವಾಗಿ ಹಾಕಿದೆ. ಪಲಾವ್ ಎಲೆಯೂ ಹಿಡಿತುಂಬ.

ಒಂದು ಚಮಚ ರಸ ಬಾಯಿಗಿಟ್ಟಳು.

“ಇದು ಊಟಾನಾ, ಹಲ್ಲಿನ ಡಾಕ್ಟರ ಕೋಣೆನಾ?”

ಬಟ್ಟಲು ಸರಿಸಿದಳು. ಉಳಿದದ್ದನ್ನು ನಾನೇ ತಿನ್ನಬೇಕು. ನಾಲಿಗೆ ಮರಗಟ್ಟಿದೆ.

ಫೆಬ್ರವರಿ 14, ಬೂದಿ ಬುಧವಾರ
ತಪಸ್ಸುಕಾಲ ಶುರು, ಹಣೆಗೆ ಬೂದಿ. ಅವಳಿಗೆ ಪಾದ್ರಿಗಳು ಮನೆಗೇ ಬಂದು ಹಚ್ಚಿದರು. ‘ಮಣ್ಣಿನಿಂದ ಬಂದೆ, ಮಣ್ಣಿಗೆ ಹೋಗುವೆ’ — ಎಲ್ಲರಿಗೂ ಹೇಳುವ ಮಾತೇ. ಅವಳು ಹೌದೆಂಬಂತೆ ಬೇಗ ತಲೆಯಾಡಿಸಿದ್ದು ನನಗೆ ಹಿಡಿಸಲಿಲ್ಲ. ಸಂಜೆ ಅವಳ ಕಾಲು ಊದಿದೆ.

ಫೆಬ್ರವರಿ 20, ಮಂಗಳವಾರ
ಆಸ್ಪತ್ರೆಯಿಂದ ಬಂದೆವು. ಈಗ ಊತ ಇಳಿದಿದೆ. ಜೀವವೂ ಅದರ ಜೊತೆಯೇ ಇಳಿದ ಹಾಗೆ ಕೂತಿದ್ದಾಳೆ.

ಅಲ್ಲಿ ಮಂಚದ ಮೇಲೆ ಮೆಲ್ಲಗೆ ಹೇಳಿದಳು: “ಜೆನ್ನಾರೋ, ನನ್ನ ನೀಲಿ ಗೌನು ಒಗೆಯೋಕೆ ಕೊಟ್ಟಿರು.”

ಶವಪೆಟ್ಟಿಗೆಯಲ್ಲಿ ತೊಡಿಸಲು ಅಂತ ಅರ್ಥವಾಯಿತು.

“ಆ ಅಂಗಡಿ ಮುಚ್ಚಿದೆ,” ಅಂದೆ.

“ಸುಳ್ಳ.”

“ಹೂಂ. ಆದರೂ ಕೊಡಲ್ಲ.”

ಫೆಬ್ರವರಿ 22, ಗುರುವಾರ
ಇವತ್ತಿನದು ಬರೆಯಲೇಬೇಕು.

ಸರ್ಮಾಕ್ ರಸ್ತೆಯ ಮೆಕ್ಸಿಕನ್ ಅಂಗಡಿಗೆ ಹೋದೆ. ಮಸಾಲೆ ಬಿಡಿಯಾಗಿ ಕೊಡುತ್ತಾರೆ. ಯಾವುದು ಬೇಕು ಅಂದರೆ ನನಗೇನು ಗೊತ್ತು? ಎಲ್ಲದರಲ್ಲೂ ಚೂರುಚೂರು ಕಟ್ಟಿಸಿಕೊಂಡು ಬಂದೆ. ಎರ್ಸಿಲಿಯಾಳ ಕುರ್ಚಿ ಮುಂದೆ ಮೊಣಕಾಲೂರಿ ಕೂತು, ಒಂದೊಂದೇ ಪೊಟ್ಟಣ ಬಿಚ್ಚಿ ಮೂಗಿಗೆ ಹಿಡಿದೆ.

“ಏನಿದು, ಮತ್ತೆ ಮದುವೆ ಆಗು ಅಂತ ಕೇಳ್ತಿದ್ದೀಯಾ?”

“ಮೂಸು.”

ಕಣ್ಣು ಮುಚ್ಚಿದಳು. “ಒರೆಗಾನೋ. ಆದರೆ ಮೆಕ್ಸಿಕೋದ್ದು, ನಿಂಬೆ ವಾಸನೆ. ಅವರ ಸಾರಿಗೆ ಚೆನ್ನ. ನಮಗೆ ಬೇಡ.” ಮುಂದಿನದು. “ಹಾಂ, ಇದು ನಮ್ಮದು. ಕಡ್ಡಿ ಸಮೇತ ಇದೆ, ಒಳ್ಳೇದು.” ಬೇಸಿಲ್. “ಸರಿ, ಕೊನೆಗೆ ಹಾಕು.” ಥೈಮ್. “ಸ್ವಲ್ಪ.” ರೋಸ್‌ಮೇರಿ. “ತೆಗಿ ಅದನ್ನ! ಕುರಿಗೆ ಹಾಕೋದು.” ಸೋಂಪು. ಇಲ್ಲಿ ಕಣ್ಣು ತೆರೆದಳು. “ಪುಡಿ ಯಾಕೆ ತಂದೆ, ಕತ್ತೆ? ಕಾಳು ತಂದು ಹುರಿಬೇಕು. ಚಟಪಟ ಅನ್ನೋವರೆಗೂ. ಆಮೇಲೆ ಕುಟ್ಟಬೇಕು.”

“ಲವಂಗ?”

“ಲವಂಗದ ಹೆಸರು ಎತ್ತಿದರೆ ವಿಚ್ಛೇದನ.”

ಉಪ್ಪಿಗೆ ಬದಲೇನು ಅಂತ ಕೇಳಿದೆ. ಯೋಚಿಸಿದಳು — ನಿಜವಾಗಿ, ಹುಬ್ಬು ಗಂಟಿಕ್ಕಿ, ಮೊದಲಿನ ಹಾಗೆ. “ಈರುಳ್ಳಿ ಕಪ್ಪಾಗೋ ಹಾಗೆ ಹುರಿ. ಕಡೇಲಿ ಒಂದು ಗುಟುಕು ವಿನಿಗರ್. ನಾಲಿಗೆಗೆ ಮೋಸ ಮಾಡಬಹುದು.”

ಮತ್ತೆ ಅಂಗಡಿಗೆ ಓಡಿದೆ, ಸೋಂಪಿನ ಕಾಳಿಗೆ. ಹಿಮ ಬೀಳುತ್ತಿತ್ತು. ಟೋಪಿ ಮರೆತಿದ್ದೆ.

ಫೆಬ್ರವರಿ 23, ಸಂಜೆ
ಮಧ್ಯಾಹ್ನವೇ ಒಲೆ ಹಚ್ಚಿದೆ. ಸೋಂಪು ಹುರಿದೆ, ಕುಟ್ಟಿದೆ. ಒರೆಗಾನೋವನ್ನು ಅಂಗೈಯಲ್ಲಿ ಉಜ್ಜಿ ಮಾಂಸಕ್ಕೆಲ್ಲ ಬಳಿದೆ. ಕಾಳುಮೆಣಸು, ಒಣಮೆಣಸಿನ ತರಿ. ಈರುಳ್ಳಿ ಕಪ್ಪಾಯಿತು. ಬೆಳ್ಳುಳ್ಳಿ ಹಾಕಿ ಮಾಂಸದ ಕಡೆ ತಿರುಗಿದ್ದೇ ತಡ —

“ಬೆಳ್ಳುಳ್ಳಿ ಸೀದು ಹೋಗ್ತಿದೆ, ಕುರುಡಾ!”

ಬಾಗಿಲಲ್ಲಿ ನಿಂತಿದ್ದಾಳೆ! ಗೋಡೆ ಹಿಡಿದುಕೊಂಡು. ಜನವರಿಯಿಂದ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಸೌಟು ಕಿತ್ತುಕೊಂಡಳು. ಕುರ್ಚಿ ಎಳೆದುಕೊಟ್ಟೆ, ಒಲೆ ಪಕ್ಕಕ್ಕೇ.

ಮಾಂಸ ಬೆಂದು ಹೊರಬಂದಾಗ ಮನೆ ತುಂಬ ಘಮ. ತಟ್ಟೆ ಮುಂದೆ ಮಾಡಿದಳು. “ಒಂದು ಚೂರು ಕೊಡು.” ಕೊಯ್ದು ಇಟ್ಟೆ. ಬಾಯಿಯವರೆಗೆ ಒಯ್ದು ನಿಲ್ಲಿಸಿದಳು.

“ಇವತ್ತು ಯಾವ ವಾರ?”

ನಾನು ಚಾಕು ಒರೆಸತೊಡಗಿದೆ.

“ಶುಕ್ರವಾರ! ತಪಸ್ಸುಕಾಲದ ಶುಕ್ರವಾರ ಮಾಂಸ ಬೇಯಿಸ್ತೀಯಲ್ಲೋ, ನಾಸ್ತಿಕ!”

“ರೋಗಿಗಳು ತಿನ್ನಬಹುದು ಎರ್ಸಿಲಿಯಾ. ಪಾದ್ರಿಗಳೇ ಹೇಳಿದ್ದಾರೆ. ತಿನ್ನು, ದಮ್ಮಯ್ಯ.”

“ರೋಗಿ ಯಾರು ಇಲ್ಲಿ?” ಅಂದಳು.

ಚೂರನ್ನು ತಟ್ಟೆಗೆ ವಾಪಸ್ಸಿಟ್ಟು ಬೆರಳು ಮೂಸಿಕೊಂಡಳು.

“ಹೇಗೂ ತಣ್ಣಗಾದರೇ ತೆಳ್ಳಗೆ ಕೊಯ್ಯೋಕೆ ಬರೋದು. ಫ್ರಿಜ್ಜಲ್ಲಿಡು. ನಾಳೆ ತಿಂತೀನಿ.”

ನಾಳೆ. ಅವಳ ಬಾಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಯಿತೋ. ರಾತ್ರಿಗೆ ಬರೀ ಮೊಟ್ಟೆ ತಿಂದೆವು. ಇಬ್ಬರೂ ಫ್ರಿಜ್ಜಿನ ಕಡೆ ನೋಡುತ್ತ.

ಫೆಬ್ರವರಿ 24, ಶನಿವಾರ
ಡೆಲ್ಫೀನಾ ಬಂದಿದ್ದಾಳೆ. ಉಪ್ಪು ಹಾಕದೆ ಮನೆಯಲ್ಲೇ ಮಾಡಿದ ಬ್ರೆಡ್ಡು ತಂದಿದ್ದಾಳೆ. ಕೊಯ್ದದ್ದು ನಾನು, ಬೈದದ್ದು ಎರ್ಸಿಲಿಯಾ. “ತೆಳ್ಳಗೆ! ಆಚೆ ಕಡೆ ಡೆಲ್ಫೀನಾ ಮುಖ ಕಾಣಬೇಕು!” ಕುದಿಯುವ ರಸದಲ್ಲಿ ಮಾಂಸ ಮುಳುಗಿಸಿ, ಬ್ರೆಡ್ಡಿಗೆ ತುಂಬಿ, ಮತ್ತೆ ಇಡಿಯಾಗಿ ಅದ್ದಿ ಕೊಟ್ಟೆ.

ಕಚ್ಚಿದಳು. ಅಗಿದಳು. ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತ ನಿಂತಿದ್ದೆವು.

“ಉಪ್ಪಿಲ್ಲ,” ಅಂದಳು.

“ಇಲ್ಲ.”

“ಸೋಂಪು ಒಂದಿಷ್ಟು ಜಾಸ್ತಿ.” ಇನ್ನೊಮ್ಮೆ ಕಚ್ಚಿದಳು. ರಸ ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಕಾಗದದ ಕರವಸ್ತ್ರ ಪಕ್ಕದಲ್ಲೇ ಇತ್ತು. ಅದರಡಿ ಏನೂ ಹೋಗಲಿಲ್ಲ.

ಡೆಲ್ಫೀನಾ ಬಾತ್‌ರೂಮಿಗೆ ಹೋಗಿ ಮೂಗು ಒರೆಸಿಕೊಂಡು ಬಂದಳು. ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕಾಣುವುದೇ ಕಷ್ಟ. ಮುಂದಿನ ಸಲ ಥೈಮ್ ಇನ್ನೂ ಚೂರು ಹೆಚ್ಚು, ಸೋಂಪು ಕಡಿಮೆ, ವಿನಿಗರ್ —

ಕೂಗುತ್ತಿದ್ದಾಳೆ. ಇನ್ನೊಂದು ಬೇಕಂತೆ, ಈ ಸಲ ಎರಡು ಸಾರಿ ಅದ್ದಿ —