ಫೆರಾರಿಯ ಮೇಲಿನ ಜಮಖಾನ

ಕುಂದಗೋಳ, ಗುರುವಾರ

ಅಕ್ಕಾ,

ನಾನು ಬೆಲೆ ಕಟ್ಟಲು ಬಂದ ಇಟಲಿಯ ಹಳೇ ಫೆರಾರಿ ಇಲ್ಲಿ ಹತ್ತಿ ಗೋದಾಮಿನಲ್ಲಿ ನಿಂತಿದೆ. ಎರಡೂ ಸೀಟಿಗೆ ನವಲಗುಂದದ ಜಮಖಾನ ಬಿಗಿದು ಕಟ್ಟಿದ್ದರು. ಕಂಪನಿಯ ಚರ್ಮ ಹಾಳಾಗಿದ್ದರೆ ಬೆಲೆ ಬಿದ್ದೇಹೋಗುತ್ತದೆ, ನನಗೆ ಅದೇ ಭಯ. ಒಡತಿ ಮಹಾನಂದಾ ಹೇಳಿದರು: “ತೀರಿಹೋದ ನಮ್ಮತ್ತಿ ದನದ ತೊಗಲಿನ ಮ್ಯಾಲ ಕುಂಡ್ರತಿರಲಿಲ್ರಿ. ಅದಕ್ಕ ಗಾಡಿ ಬಂದ ದಿನಾನ ಕಟ್ಟಿಸಿದ್ವಿ.”

ದಾರ ಬಿಚ್ಚಿ ನೋಡಿದರೆ ಚರ್ಮ ಹೊಚ್ಚಹೊಸದು! ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಬೆಲೆ ಬರೆದುಕೊಟ್ಟೆ.

ಇಲ್ಲಿನ ಖಾರಕ್ಕೆ ಹೊಟ್ಟೆ ಕೆಟ್ಟಿದೆ, ಮಜ್ಜಿಗೆ ಕುಡಿದುಕೊಂಡಿದ್ದೇನೆ.

ನಿನಗೆಂದು ಆ ಜಮಖಾನ ಕೇಳಿದೆ. “ಗಾಡಿ ಬೇಕಾದ್ರ ಇವತ್ತ ಒಯ್ರಿ. ನಮ್ಮತ್ತಿ ಕುಂತದ್ದು ಇದರ ಮ್ಯಾಲ” ಎಂದು ಮಡಚಿ ಒಳಗೆ ಒಯ್ದರು.

ಬಸ್ಸು ಬಂತು.

ಪ್ರಭು