ಸುಣ್ಣ ಬಳಿಯದ ಬ್ರೇಕರ್

ನವೆಂಬರ್ ೩, ರವಿವಾರ
ದೀಪಾವಳಿ ರಜೆ. ಸಾಂಗ್ಲಿ, ಮಿರಜ, ಕುಪವಾಡದ ಕಾರುಗಳೆಲ್ಲ ಕೆರೆಯತ್ತಲೇ. ಬೋಟಿಂಗು, ರಿಸಾರ್ಟು, ಸೆಲ್ಫಿ. ಕೆರೆಗೆ ಇದೊಂದೇ ರಸ್ತೆ, ನಮ್ಮ ಬಜಿ ಅಂಗಡಿ ಅದರ ಅಂಚಿಗೇ. ಎಲ್ಲರಿಗೂ ಸಾಯುವ ಅವಸರ. ಗಂಡನೂ ಕಡಿಮೆಯಿಲ್ಲ. ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಆಗಬೇಕೆಂದು ಪಾರಿಸ ದಿನಾ ಟೆಂಪೋ ಹಾರಿಸಿಕೊಂಡು ಬರುತ್ತಾನೆ.

ನವೆಂಬರ್ ೪
ಬ್ರಾಹ್ಮಿ... ನನ್ನ ಕೂಸು. ಹಾಲು ತರಲು ರಸ್ತೆ ದಾಟುತ್ತಿದ್ದಳು. ಕಾರು ಎತ್ತಿ ಎಸೆಯಿತು. ಕಾಲಿನ ಎಲುಬು ಹೊರಗೆ ಬಂದಿತ್ತು. ಕಾರಿನವ ಇಳಿದು ಮೊದಲು ಬಂಪರ್ ನೋಡಿದ. ಬಂಪರ್! ಕಾದ ಎಣ್ಣೆಯಿಂದ ಬಜಿ ಎತ್ತುವ ಝಾರಾ ಕೈಯಲ್ಲೇ ಇತ್ತು. ಮುಖಕ್ಕೆ ಹೊಡೆದೆ. ಚರ್ಮ ಸುಲಿಯಿತು. ಮತ್ತೆ ಹೊಡೆದೆ. ಪಕ್ಕದ ಮನೆಯ ದಿಲೀಪ ಹಿಡಿಯದಿದ್ದರೆ ಕೊಂದೇ ಬಿಡುತ್ತಿದ್ದೆ.
ಪಾರಿಸ ಮಗಳನ್ನು ಮಿರಜದ ಆಸ್ಪತ್ರೆಗೆ ಒಯ್ದ. ನನಗೆ ಊರು ಬಿಡಬೇಡ ಎಂದಿದ್ದಾರೆ ಪೊಲೀಸರು.

ನವೆಂಬರ್ ೧೨
ರಕ್ತ ಬಿದ್ದಲ್ಲಿ ಊರವರೇ ಸ್ಪೀಡ್‌ಬ್ರೇಕರ್ ಹಾಕುವುದು ನಮ್ಮ ಕಡೆ ಪದ್ಧತಿ. ಹಾಕಿದೆವು. ಕಲ್ಲು, ಖಡಿ, ಮೇಲೆ ಡಾಂಬರು. ದಿಲೀಪ ಸುಣ್ಣದ ಬಕೀಟು ತಂದ.
"ವೈನಿ, ಬಿಳಿ ಪಟ್ಟಾ ಹೊಡೀತೇನಿ."
"ಬ್ಯಾಡ. ಕಾಣಬಾರ್ದು. ಹಲ್ಲು ಮುರೀಲಿ ಅವರವು."
ಮಾವ ಬಾಹುಬಲಿಯವರಿಗೆ ತಡೆಯಲಾಗಲಿಲ್ಲ. "ಛಾಯಾ, ಇರಿವಿ ಸತ್ತರೂ ಮರಗೋ ಮನಿತನ ನಮ್ದು."
"ಇರಿವಿ ಕಾರ್ ಓಡಸೂದಿಲ್ಲರಿ!"
ಪಾರಿಸ ಇದ್ದಿದ್ದರೆ ಬಿಡುತ್ತಿರಲಿಲ್ಲ. ಅವನು ಆಸ್ಪತ್ರೆಯಲ್ಲೇ ಇದ್ದಾನಲ್ಲ.

ನವೆಂಬರ್ ೧೫
ಬೆಳಿಗ್ಗೆ ರಿಸಾರ್ಟಿಗೆ ಹೊರಟ ಬೈಕೊಂದು ಬ್ರೇಕರಿಗೆ ಹಾರಿತು. ಸವಾರ ಡಾಂಬರಿಗೆ ಮುಖ ಉಜ್ಜಿಕೊಂಡು ಅಂಗಡಿಯವರೆಗೂ ಜಾರಿ ಬಂದ. ಹಲ್ಲು ಚೆಲ್ಲಿದವು. ಸುಳ್ಳೇಕೆ, ನನ್ನ ಹೊಟ್ಟೆ ತಣ್ಣಗಾಯಿತು. ದಿಲೀಪ ಮತ್ತೆ ಸುಣ್ಣದ ಮಾತೆತ್ತಿದ. ಬೈದು ಅಟ್ಟಿದೆ.

ನವೆಂಬರ್ ೧೭, ರವಿವಾರ, ಸಂಜೆ
ಬ್ರಾಹ್ಮಿಗೆ ಡಿಸ್ಚಾರ್ಜ್! ಪಾರಿಸನ ಫೋನ್ ಬಂದಿತ್ತು. "ಹೊಂಟೇವಿ. ಹಿಂದ ಗಾದಿ ಹಾಸಿ ಮಲಗಿಸೇನಿ. ರೊಟ್ಟಿ ಮಾಡಿಡು, ಹೊತ್ತ ಮುಳುಗೂದರಾಗ ಮುಟ್ಟತೇವಿ."
ರೊಟ್ಟಿ ಜೊತೆಗೆ ಅವಳಿಗೆ ಸೇರುವ ಶೇಂಗಾ ಹಿಂಡಿ ಕುಟ್ಟಿದೆ. ತಾಟು ಇಟ್ಟೆ. ಎಷ್ಟು ದಿನದ ಮೇಲೆ ಮನೆ ಮನೆಯಂತಿದೆ. ಸೂರ್ಯ ಕೆರೆಗೆ ಇಳಿದಿದ್ದಾನೆ, ತಿರುವು ದಾಟಿ ಬರುವವರ ಕಣ್ಣಿಗೇ ಹೊಡೆಯುತ್ತಾನೆ. ಹೊತ್ತು ಮುಳುಗಲು ಸ್ವಲ್ಪವೇ ಬಾಕಿ. ಪಾರಿಸ ಗಡಬಡಿಸಿ ಬರುತ್ತಿರುತ್ತಾನೆ, ಟೆಂಪೋ ಹಾರಿಸಿಕೊಂಡು —

ಅಯ್ಯಯ್ಯೋ. ಬ್ರೇಕರ್. ಅವನಿಗೆ ಯಾರೂ ಹೇಳಿಲ್ಲ. ನಾನೂ.

ಫೋನ್ ಎತ್ತುತ್ತಿಲ್ಲ. ಮತ್ತೆ ಮಾಡಿದೆ. ಎತ್ತುತ್ತಿಲ್ಲ. ದಿಲೀಪನ ಬಕೀಟು ಎಲ್ಲಿ... ಸುಣ್ಣ... ತಿರುವಿನಲ್ಲಿ ನಮ್ಮ ಟೆಂಪೋದ ಹಾರ್ನ್